ಫೆಲ್ಸಿ ಬಾಯಿ ಕೇಳದೆ ಬಿಟ್ಟ ಪ್ರಶ್ನೆ

ದುಬೈಯ ಕರಾಮದ ಆ ಮೂರು ಮಾಳಿಗೆಯ ಕಟ್ಟಡದಲ್ಲಿ ಫೆಲ್ಸಿ ಬಾಯಿಗೆ ಗೊತ್ತಿಲ್ಲದ ಸಂಗತಿ ಎಂಬುದು ಇರಲಿಲ್ಲ. ಇದ್ದರೂ ಸಂಜೆಯೊಳಗೆ ಗೊತ್ತಾಗಿರುತ್ತಿತ್ತು. ಅವಳ ಕ್ರಮ ಬಹಳ ಸರಳ, ಬಾಯಿಬಿಟ್ಟು ಕೇಳುವುದು. ಮಕ್ಕಳೆಷ್ಟು, ಒಂದೇ ಯಾಕೆ, ಊರಿನ ಮನೆಗೆ ಹೆಂಚೋ ತಾರಸಿಯೋ, ಅತ್ತೆ ಇದ್ದಾರಾ, ಇದ್ದರೆ ಹೇಗಿದ್ದಾರೆ. ಮೆಟ್ಟಿಲು ಹತ್ತುವವರನ್ನು ನಿಲ್ಲಿಸಿ ಕೇಳುವಳು, ಇಳಿಯುವವರನ್ನೂ ಬಿಡಳು. ಆ ಕೇಳುವಿಕೆಯಲ್ಲಿ ಕೊಂಕು ಒಂದಿಷ್ಟೂ ಇರುತ್ತಿರಲಿಲ್ಲವಾದ್ದರಿಂದ ಜನ ಒಳಗೊಳಗೇ ಬೈದುಕೊಂಡು ಉತ್ತರ ಕೊಟ್ಟು ಹೋಗುತ್ತಿದ್ದರು. ಗಂಡ ನಾರ್ಬರ್ಟ್ ಹೋಟೆಲೊಂದರ ಲಾಂಡ್ರಿಯಲ್ಲಿ ಸೂಪರ್‌ವೈಸರ್. ಮಾತು ಕಡಿಮೆಯ ಮನುಷ್ಯ. ಅವನ ಪಾಲಿನದನ್ನೂ ಹೆಂಡತಿಯೇ ಆಡಿ ಮುಗಿಸುತ್ತಿದ್ದಳು.

ತೊಂಬತ್ತಾರರಲ್ಲಿ ಮಗ ಕ್ಲೈವ್ ಕಾಲೇಜಿಗೆಂದು ಊರಿಗೆ, ಕಲ್ಯಾಣಪುರಕ್ಕೆ ಹೋದ ಮೇಲೆ ಅವನ ಕೋಣೆ ಖಾಲಿ ಬಿತ್ತು. ಮನೆಯಲ್ಲಿ ಮಾತಿಗೂ ಜನವಿಲ್ಲ. ಕೋಣೆಯನ್ನು ಯಾರಿಗಾದರೂ ಕೊಡುವುದೆಂದಾಯಿತು, ಆದರೆ ನಮ್ಮವರೇ ಬೇಕು ಎಂದು ಫೆಲ್ಸಿ ಹಟ ಹಿಡಿದಳು. ಹಾಗೆ ಬಂದವಳು ಫ್ಲೋರಾ ನವಗಾಂವ್ಕರ್. ಮುಂಬಯಿ ಹತ್ತಿರದ ಠಾಣೆಯವಳು, ಮೂವತ್ತೈದು ದಾಟಿದ ಒಂಟಿ ಹೆಂಗಸು, ಹಲ್ಲಿನ ಕ್ಲಿನಿಕ್ಕಿನಲ್ಲಿ ರಿಸೆಪ್ಷನಿಸ್ಟ್. ಫ್ಲೋರಾ ಎಂಬ ಹೆಸರು ಕೇಳಿದ್ದೇ ತಡ, ಫೆಲ್ಸಿ ಕೀಲಿಕೈ ಕೊಟ್ಟುಬಿಟ್ಟಳು. ಫ್ಲೋರಾ, ಫ್ಲೋರಿನ್, ಫ್ಲೋಸಿ ಎಂದು ಅವಳ ಬಂಧುಗಳಲ್ಲೇ ಎಷ್ಟು ಜನ. ಹುಡುಗಿ ಕ್ಯಾಥೊಲಿಕಳೇ, ಇದರಲ್ಲಿ ಕೇಳುವುದೆಂತದ್ದು? ಎಲ್ಲವನ್ನೂ ಕೇಳುವ ಹೆಂಗಸು ಅದೊಂದನ್ನು ಕೇಳಲಿಲ್ಲ.

ಒಬ್ಬಳದು ಮರಾಠಿ, ಇನ್ನೊಬ್ಬಳದು ಕೊಂಕಣಿ. ಎರಡನ್ನೂ ಕಲಸಿ ಅವರಿಬ್ಬರೂ ಆಡುತ್ತಿದ್ದ ಭಾಷೆಗೆ ಹೆಸರಿಲ್ಲ. ಇಲ್ಲಿ ಅದನ್ನು ಫೆಲ್ಸಿಯ ಊರಿನ ಕನ್ನಡಕ್ಕೇ ಹಾಕಿ ಹೇಳುತ್ತಿದ್ದೇನೆ.

ಮೊದಲ ತಿಂಗಳಿನಲ್ಲೇ ಅನುಮಾನ ಶುರುವಾಯಿತು. ಶುಕ್ರವಾರದ ರಜೆಗೆ ಇಡೀ ದುಬೈಯೇ ಹೊಡೆದಾಡುವಾಗ ಈ ಫ್ಲೋರಾ ತಾನಾಗಿಯೇ ಶುಕ್ರವಾರದ ಡ್ಯೂಟಿ ಕೇಳಿ ಪಡೆದು ಶನಿವಾರ ಮನೆಯಲ್ಲಿ ಕೂರುತ್ತಿದ್ದಳು. ಅಲ್ಲಿ ಶುಕ್ರವಾರವೇ ನಡೆಯುವ ಇಗರ್ಜಿಯ ಪೂಜೆ ತಪ್ಪಿಸಲಿಕ್ಕೇ ಇದು ಎಂದು ಫೆಲ್ಸಿ ತೀರ್ಮಾನಿಸಿದಳು. ಹಬ್ಬಕ್ಕೆ ಹಂದಿಮಾಂಸ ಮಾಡಿದರೆ ಮುಟ್ಟಲಿಲ್ಲ. ಹೋಗಲಿ ಎಂದು ಸಿಗಡಿ ಸುಕ್ಕ ಮಾಡಿ ಕೊಟ್ಟರೆ ಅದನ್ನೂ ಮುಟ್ಟಲಿಲ್ಲ. ತನ್ನದೇ ಪಾತ್ರೆ, ತನ್ನದೇ ತಟ್ಟೆ. ಕೋಣೆಯ ಬಾಗಿಲ ಚೌಕಟ್ಟಿಗೆ ಒಳಗಡೆ ಬೆರಳುದ್ದದ ಒಂದು ಡಬ್ಬಿಯನ್ನು ಓರೆಯಾಗಿ ಹೊಡೆದಿದ್ದಳು, ಹೋಗುವಾಗ ಬರುವಾಗ ಅದನ್ನು ಮುಟ್ಟಿ ಬೆರಳನ್ನು ತುಟಿಗೆ ತಾಗಿಸುತ್ತಿದ್ದಳು. ಶುಕ್ರವಾರ ಹೊತ್ತು ಮುಳುಗುವ ಮೊದಲು ಎರಡು ಗಾಜಿನ ಲೋಟಗಳಲ್ಲಿ ಕೊಬ್ಬರಿ ಎಣ್ಣೆ ಹಾಕಿ ಬತ್ತಿ ಹಚ್ಚಿ, ತಲೆಗೆ ಸೆರಗು ಎಳೆದುಕೊಂಡು, ಕಣ್ಣು ಮುಚ್ಚಿ ಏನೋ ಹೇಳುತ್ತಿದ್ದಳು.

"ದಾರಿ ತಪ್ಪಿದ ಹುಡುಗಿ," ಎಂದಳು ಫೆಲ್ಸಿ ನಾರ್ಬರ್ಟನ ಹತ್ತಿರ. "ಪಾದ್ರಿಗಳಿಗೆ ಹೇಳಿ ಒಂದು ಸಲ ಮನೆಗೆ ಕರೆಸುವ."

"ಅವಳನ್ನೇ ಕೇಳು ಮಾರಾಯ್ತಿ," ಎಂದ ನಾರ್ಬರ್ಟ್. ಆ ವಾರ ಅವನಾಡಿದ ಅತಿ ಉದ್ದದ ಮಾತು ಅದು.

ಕೇಳಿದಳು. ಫ್ಲೋರಾ ಎದ್ದು ಹೋಗಿ ಹೊರಬಾಗಿಲು ಹಾಕಿ ಬಂದು ಕೂತಳು.

"ಬಾಯಿ, ನಾನು ಕ್ರಿಸ್ತಿಯನ್ ಅಲ್ಲ. ಯೆಹೂದಿ. ನಮ್ಮವರು ಯಾವ ಕಾಲದಲ್ಲೋ ಹಡಗು ಒಡೆದು ಕೊಂಕಣದ ತೀರಕ್ಕೆ ಬಿದ್ದವರಂತೆ. ನವಗಾಂವ್ ಅಂತ ನಮ್ಮ ಊರು, ಅದಕ್ಕೇ ನವಗಾಂವ್ಕರ್. ನೀವು ಕೇಳಿದ್ದಕ್ಕೆ ಸುಳ್ಳು ಹೇಳ್ಲಿಕ್ಕೆ ನನಗೆ ಮನಸ್ಸಿಲ್ಲ. ಆದ್ರೆ ಇದು ಈ ಬಾಗಿಲು ದಾಟಿ ಹೋಗ್ಬಾರ್ದು. ಇಲ್ಲಿ ಯಾರೂ ನನಗೆ ಏನೂ ಮಾಡಿಲ್ಲ. ಆದ್ರೂ ಇದು ಹೇಳಿಕೊಂಡು ತಿರುಗುವ ಊರಲ್ಲ. ನನಗೆ ಕೆಲಸ ಬೇಕು."

ಫೆಲ್ಸಿಗೆ ಯೆಹೂದ್ಯರು ಗೊತ್ತಿದ್ದದ್ದು ಬೈಬಲಿನಿಂದ. ಅವರು ಈಗಲೂ ಇದ್ದಾರೆ, ಠಾಣೆಯಲ್ಲಿದ್ದಾರೆ, ತನ್ನ ಫ್ರಿಜ್ಜಿನ ಕೆಳಗಿನ ಖಾನೆಯಲ್ಲಿ ಹಸಿಮೆಣಸು ಇಡುತ್ತಾರೆ ಎಂಬುದು ತಲೆಗೆ ಹೋಗಲು ಹೊತ್ತು ಬೇಕಾಯಿತು. ಹೋದ ಮೇಲೆ ಮುಖ ಅರಳಿತು.

"ಹಾಗಾದ್ರೆ ನೀನು ನಮ್ಮ ಮರಿಯ ಮಾತೆಯ ಕಡೆಯವಳು," ಎಂದಳು. "ಸಂಬಂಧ ಉಂಟು ಅಂತ ನಾನು ಮೊದಲೇ ಹೇಳಿದ್ದೆ."

ಅಲ್ಲಿಂದ ಶುರುವಾಯಿತು ನೋಡಿ ಪ್ರಶ್ನೆಗಳ ಮಳೆ. ರಾತ್ರಿಯ ಪಾತ್ರೆ ತೊಳೆಯುವಾಗ, ಬಟ್ಟೆ ಮಡಿಸುವಾಗ, ಟಿ.ವಿ.ಯ ಜಾಹೀರಾತಿನ ನಡುವೆ. ಶನಿವಾರ ಕೆಲಸ ಯಾಕೆ ಮಾಡುವುದಿಲ್ಲ? ಆರು ದಿನ ಲೋಕವನ್ನು ಮಾಡಿದ ದೇವರು ಏಳನೇ ದಿನ ಸುಮ್ಮನೆ ಕೂತ, ನಾವೂ ಕೂರುತ್ತೇವೆ. ಹಿಂದೆ ನಮ್ಮವರು ಎಣ್ಣೆಗಾಣ ನಡೆಸುತ್ತಿದ್ದಾಗ ಶನಿವಾರ ಗಾಣ ನಿಲ್ಲುತ್ತಿತ್ತು, ಅದಕ್ಕೇ ಊರವರು ನಮ್ಮನ್ನು ಶನಿವಾರದ ಗಾಣಿಗರು ಅನ್ನುತ್ತಿದ್ದರು. ಗಂಡಸರಿಗೆ ಆ ಬಟ್ಟಲಿನಂಥ ಟೋಪಿ ಯಾಕೆ? ತಲೆಯ ಮೇಲೆ ಒಬ್ಬನಿದ್ದಾನೆ ಎಂಬ ನೆನಪಿಗೆ. ಹೆಂಗಸರಿಗೆ? ನಮ್ಮ ಕಡೆ ಪ್ರಾರ್ಥನೆಗೆ ಸೆರಗೇ ಸಾಕು, ನಿಮ್ಮ ಅಜ್ಜಿಯಂದಿರು ಇಗರ್ಜಿಯಲ್ಲಿ ಹೊದ್ದ ಹಾಗೆ. ಆ ಡಬ್ಬಿಯಲ್ಲಿ ಏನುಂಟು? ಶಾಸ್ತ್ರದ ಎರಡು ಮಾತು ಬರೆದ ಸುರುಳಿ, ಮನೆಯ ಕಾವಲಿಗೆ. ನಾನದು ಹಾಳಾದ ಕಾಲಿಂಗ್ ಬೆಲ್ ಅಂತ ತಿಳಿದಿದ್ದೆ, ಎಂದು ಫೆಲ್ಸಿ ನಕ್ಕಳು. ಫ್ಲೋರಾ ಕೂಡ ನಕ್ಕಳು.

ಮೀನಿನ ವಿಷಯದಲ್ಲಿ ಮಾತ್ರ ಫೆಲ್ಸಿಗೆ ನಿಜವಾದ ಸಂಕಟವಾಯಿತು. ರೆಕ್ಕೆಯೂ ಪೊರೆಯೂ ಇರುವ ಮೀನು ಮಾತ್ರ ಆಗುತ್ತದೆ. ಬಂಗುಡೆ, ಬೂತಾಯಿ, ಅಂಜಲ್ ಆಯಿತು. ಸಿಗಡಿ ಇಲ್ಲ, ಏಡಿ ಇಲ್ಲ, ಚಿಪ್ಪಿನ ಮರುವಾಯಿ ಇಲ್ಲ.

"ಮರುವಾಯಿ ಸಹಾ ಇಲ್ವಾ?" ಎಂದಳು ಫೆಲ್ಸಿ. ಅವಳ ದನಿಯಲ್ಲಿ ಅಯ್ಯೋ ಪಾಪ ಎಂಬುದು ಸ್ಪಷ್ಟವಾಗಿತ್ತು. ಮಾಂಸಕ್ಕೆ ಹಾಲು ಮೊಸರು ಸೇರಿಸುವಂತಿಲ್ಲ, ಹಾಗಾಗಿ ಕೋಳಿಗೆ ತೆಂಗಿನ ಹಾಲು ಎಂದಾಗ ಸ್ವಲ್ಪ ಸಮಾಧಾನವಾಯಿತು. ತೆಂಗಿನ ಹಾಲು ಹಾಕುವ ಜನ ಹೇಗೂ ಕೆಟ್ಟವರಾಗಿರಲಿಕ್ಕಿಲ್ಲ.

ಒಮ್ಮೆ ನಾರ್ಬರ್ಟನ ದೊಡ್ಡಮ್ಮ ತೀರಿಕೊಂಡ ಸುದ್ದಿ ಬಂದು ಮನೆ ತುಂಬ ಜನ ಸೇರಿದರು. ಜಪಮಾಲೆ ಹಿಡಿದು ತೇರ್ಸ್ ಪ್ರಾರ್ಥನೆ, ಅಳು, ಚಹಾ, ಊರಿನ ಆಸ್ತಿಯ ಮಾತು, ಮತ್ತೆ ಚಹಾ. ಎಲ್ಲರೂ ಹೋದ ಮೇಲೆ ಫೆಲ್ಸಿ ಕೇಳಿದಳು, "ನಿಮ್ಮಲ್ಲಿ ಹೇಗೆ?"

"ನಮ್ಮಲ್ಲಿ ಆದಷ್ಟು ಅದೇ ದಿನ ಮಣ್ಣು ಮಾಡುವುದು. ಹೂವಿಲ್ಲ. ಉಟ್ಟ ಬಟ್ಟೆಯನ್ನು ಎದೆಯ ಹತ್ತಿರ ಹರಿದುಕೊಂಡು, ಮನೆಯ ಕನ್ನಡಿಗೆ ಬಟ್ಟೆ ಮುಚ್ಚಿ ಏಳು ದಿನ ಕೆಳಗೆ ಕೂರುವುದು. ಆ ಮನೆಯವರು ಮೊದಲ ಊಟ ತಾವು ಬೇಯಿಸುವ ಹಾಗಿಲ್ಲ, ನೆರೆಯವರು ತರಬೇಕು. ಮೊಟ್ಟೆ, ಮಸೂರ್ ಬೇಳೆ, ಹೀಗೆ ಉರುಟಾದದ್ದು. ನೋಡ್ಲಿಕ್ಕೆ ಬಂದವರು ಮಾತಾಡುವುದಿಲ್ಲ. ಸುಮ್ಮನೆ ಹತ್ತಿರ ಕೂರ್ತಾರೆ. ದುಃಖದಲ್ಲಿದ್ದವರು ಮೊದಲು ಬಾಯಿ ತೆರೆದರೆ ಮಾತ್ರ ಮಾತು."

"ಅವರು ತೆರೆಯದಿದ್ರೆ?"

"ಕೂತು, ಎದ್ದು ಬರುವುದು."

"ದೇವರೇ, ಅಂಥ ಮನೆಗೆ ನನ್ನನ್ನು ಕರೀಬೇಡ," ಎಂದಳು ಫೆಲ್ಸಿ. "ಬಾಯಿ ಮುಚ್ಚಿ ಕೂತು ನಾನು ಅಲ್ಲೇ ಸತ್ರೆ ಎರಡು ಹೆಣ ಆಗ್ತದೆ."

ಹೀಗೆ ಎರಡು ವರ್ಷ ಕಳೆಯಿತು. ಫೆಲ್ಸಿ ಗುಟ್ಟು ಕಾಪಾಡಿದಳು. ಅವಳಿಗೆ ಅದೆಷ್ಟು ಕಷ್ಟವಾಯಿತೆಂದು ಯಾರೂ ಊಹಿಸಲಾರರು. ಬಿಸಿ ಗೆಣಸು ಬಾಯಲ್ಲಿಟ್ಟುಕೊಂಡ ಹಾಗೆ ಅವಳು ಆ ಮಾತನ್ನು ಇಟ್ಟುಕೊಂಡಿದ್ದಳು.

ತೊಂಬತ್ತೆಂಟರಲ್ಲಿ ಫ್ಲೋರಾಳ ವೀಸಾ ಮತ್ತೆ ಮೂರು ವರ್ಷಕ್ಕೆ ಮುಂದುವರಿಯಿತು. ಆ ಸಂತೋಷಕ್ಕೆ ಅವಳು ಮಲಿದಾ ಮಾಡಿದಳು. ಪ್ರವಾದಿ ಎಲಿಯಾಹುವಿನ ಹೆಸರಲ್ಲಿ ಅವರ ಕಡೆ ಮಾಡುವ ಹರಕೆ ಅದು. ನೆನೆಸಿದ ಅವಲಕ್ಕಿಗೆ ತೆಂಗಿನತುರಿ, ಸಕ್ಕರೆ, ಏಲಕ್ಕಿ, ಮೇಲೆ ಬಾಳೆಹಣ್ಣು, ಖರ್ಜೂರ. ಎದುರು ಮನೆಯ ಬಿಂದು ಮೈಸೂರಿನವಳು, ಅವಲಕ್ಕಿ ಎಂದರೆ ಪ್ರಾಣ. ಒಂದು ಬಟ್ಟಲು ಅವಳಿಗೆ ಕೊಟ್ಟು ಬರುತ್ತೇನೆ ಎಂದು ಫೆಲ್ಸಿ ಹೋದಳು. ಹೋಗಬಾರದಿತ್ತು.

"ಏನ್ರೀ ಇದು, ನಮ್ಮ ಗೊಜ್ಜವಲಕ್ಕಿ ಸಿಹಿ ಆದಂಗಿದೆ," ಎಂದಳು ಬಿಂದು. "ಯಾವ ದೇವ್ರ ಪ್ರಸಾದ? ನಿಮ್ಮಲ್ಲಿ ಹೀಗೆಲ್ಲ ಮಾಡ್ತಾರಾ?"

ಕೇಳುವವಳಿಗೆ ಕೇಳುವವಳೇ ಸಿಕ್ಕಳು. ಫೆಲ್ಸಿಯ ಬಾಯಿಗೆ ಮಾತು ಬಂತು, ನುಂಗಿದಳು, ಮತ್ತೆ ಬಂತು. ಮಾತೆಯ ಕಡೆಯ ಹುಡುಗಿ ತನ್ನ ಮನೆಯಲ್ಲಿದ್ದಾಳೆ ಎಂಬ ಹೆಮ್ಮೆಯೂ ಸೇರಿಕೊಂಡಿತು. "ಯಾರಿಗೂ ಹೇಳ್ಬೇಡ, ನಿಂಗೆ ಅಂತ ಹೇಳುದು," ಎಂದು ಎಲ್ಲವನ್ನೂ ಹೇಳಿಬಿಟ್ಟಳು.

ಬಿಂದು ಕೆಟ್ಟವಳಲ್ಲ. ಯಾರಿಗೂ ಹೇಳಲೂ ಇಲ್ಲ. ಆದರೆ ಮರುದಿನ ಮೆಟ್ಟಿಲಲ್ಲಿ ಫ್ಲೋರಾ ಎದುರಾದಾಗ ಅವಳಿಗೂ ತಡೆಯಲಾಗಲಿಲ್ಲ. "ಅವಲಕ್ಕಿ ತುಂಬಾ ಚೆನ್ನಾಗಿತ್ತು. ನೀವು ಇಸ್ರೇಲಿನವರಂತೆ, ಹೌದಾ?" ಎಂದು ದೊಡ್ಡ ದನಿಯಲ್ಲಿ, ಬಹಳ ಪ್ರೀತಿಯಿಂದಲೇ ಕೇಳಿದಳು. ಎರಡು ಮೆಟ್ಟಿಲು ಕೆಳಗೆ ಫ್ಲೋರಾಳ ಕ್ಲಿನಿಕ್ಕಿನಲ್ಲೇ ನರ್ಸ್ ಆಗಿದ್ದ ಜುಬೈದ ಬರುತ್ತಿದ್ದಳು.

"ನಾನು ಠಾಣೆಯವಳು," ಎಂದು ಹೇಳಿ ಫ್ಲೋರಾ ಒಳಗೆ ಬಂದಳು. ಮುಖ ಸುಣ್ಣವಾಗಿತ್ತು. ಫೆಲ್ಸಿ ಅಡುಗೆಮನೆಯಲ್ಲಿ ನಿಂತಿದ್ದಳು.

"ಬಾಯಿ, ನೀವು ಕೇಳಿದ್ದಕ್ಕೆಲ್ಲ ನಾನು ಹೇಳಿದೆ. ನಾನು ನಿಮ್ಮಲ್ಲಿ ಕೇಳಿಕೊಂಡದ್ದು ಒಂದೇ."

ಬೈದಿದ್ದರೆ ಆಗುತ್ತಿತ್ತು. ಬೈಗುಳಕ್ಕೆ ಫೆಲ್ಸಿಯ ಹತ್ತಿರ ಉತ್ತರವಿತ್ತು. ಬಿಂದು ಬಂದು ಕಣ್ಣಲ್ಲಿ ನೀರು ಹಾಕಿಕೊಂಡು ಕ್ಷಮೆ ಕೇಳಿದಳು. ಜುಬೈದ ಕ್ಲಿನಿಕ್ಕಿನಲ್ಲಿ ತುಟಿಪಿಟಕ್ಕೆನ್ನಲಿಲ್ಲ. ಅವಳು ಕೇಳಿಸಿಕೊಂಡಳೋ ಇಲ್ಲವೋ ಯಾರಿಗೆ ಗೊತ್ತು. ಆದರೆ ಫ್ಲೋರಾ ಪ್ರತಿ ಬೆಳಿಗ್ಗೆ ಇವತ್ತು ಕರೆದು ಕೇಳುತ್ತಾರೆ, ಇವತ್ತು ಮನೆಗೆ ಕಳಿಸುತ್ತಾರೆ ಎಂಬ ಹೆದರಿಕೆಯಲ್ಲೇ ಕೆಲಸಕ್ಕೆ ಹೋಗಿ ಬರತೊಡಗಿದಳು. ಶುಕ್ರವಾರದ ದೀಪ ಮುಚ್ಚಿದ ಬಾಗಿಲ ಹಿಂದೆ ಉರಿಯಿತು. ಫೆಲ್ಸಿ ಏನಾದರೂ ಕೇಳಿದರೆ ಹೌದು, ಇಲ್ಲ, ಅಷ್ಟೇ. ಸತ್ವಾ ಬಡಾವಣೆಯಲ್ಲಿ ಒಂದು ಕೋಣೆ ನೋಡಿದ್ದೇನೆ, ತಿಂಗಳ ಕೊನೆಗೆ ಹೋಗುತ್ತೇನೆ ಎಂದಳು. ಹೋಗುವ ಮೊದಲು ಒಂದು ಸಲ ಅವಳು ಮೊದಲಿನ ಹಾಗೆ ಮಾತಾಡಿದರೆ ಸಾಕು ಎಂದು ಫೆಲ್ಸಿ ದಿನಾ ಮಾತೆಯ ಮುಂದೆ ಮೊಂಬತ್ತಿ ಹಚ್ಚಿದಳು.

ತಿಂಗಳು ಮುಗಿಯುವ ಮೊದಲೇ, ಒಂದು ಸೋಮವಾರ ಬೆಳಿಗ್ಗೆ ಹಾಲ್‌ನಲ್ಲಿದ್ದ ಫೋನ್ ಹೊಡೆದುಕೊಂಡಿತು. ಠಾಣೆಯಿಂದ, ಫ್ಲೋರಾಳ ತಮ್ಮ. ಫೆಲ್ಸಿ ಕರೆದು ಕೊಟ್ಟಳು. ಫ್ಲೋರಾ ಕೇಳಿಸಿಕೊಂಡಳು, ಎರಡು ಮಾತಾಡಿದಳು, ರಿಸೀವರ್ ಇಟ್ಟಳು.

"ಅಪ್ಪ ಹೋದರು. ಮಧ್ಯಾಹ್ನ ಮಣ್ಣು ಮಾಡ್ತಾರಂತೆ," ಎಂದಳು.

ಪಾಸ್‌ಪೋರ್ಟ್ ಕ್ಲಿನಿಕ್ಕಿನವರ ಹತ್ತಿರ, ವಿಮಾನ ಸಂಜೆಗೆ. ಹೋದರೂ ಮುಖ ಸಿಗುವುದಿಲ್ಲ. ತಮ್ಮನೇ ಬರಬೇಡ ಎಂದನಂತೆ. ಅವಳು ಕೋಣೆಗೆ ಹೋದಳು. ಚರ್ ಎಂದು ಬಟ್ಟೆ ಹರಿದ ಸದ್ದು ಫೆಲ್ಸಿಗೆ ಕೇಳಿಸಿತು.

ದುಃಖದ ಮನೆಯಲ್ಲಿ ಏನು ಮಾಡಬೇಕೆಂದು ಫೆಲ್ಸಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವಳ ಕೈಕಾಲು ತಾವಾಗಿಯೇ ಓಡಿದವು. ನಾರ್ಬರ್ಟನನ್ನು ಹೂವಿನ ಚಕ್ರ ತರಲು ಅಟ್ಟಿದಳು. ತೇರ್ಸ್ ಹೇಳಲು ಹೆಂಗಸರನ್ನು ಸೇರಿಸಬೇಕೆಂದು ಇಗರ್ಜಿಯ ಗೆಳತಿ ಗ್ರೇಸಿ ಬಾಯಿಯ ನಂಬರ್ ಒತ್ತತೊಡಗಿದಳು. ನಾಲ್ಕು ಅಂಕಿ ಒತ್ತಿದವಳು ನಿಂತುಬಿಟ್ಟಳು.

ಹೂವಿಲ್ಲ, ಎಂದಿದ್ದಳಲ್ಲವೇ?

ಫೋನ್ ಇಟ್ಟಳು. ಪಾತ್ರೆ ತೊಳೆಯುತ್ತ, ಬಟ್ಟೆ ಮಡಿಸುತ್ತ ಬಾಯಿ ಚಪಲಕ್ಕೆ ಕೇಳಿದ ಪ್ರಶ್ನೆಗಳ ಉತ್ತರಗಳೆಲ್ಲ ಒಂದೊಂದಾಗಿ ಬಂದು ಎದುರು ನಿಂತವು. ತನ್ನ ಬಾಣಲೆ, ಪಾತ್ರೆ ಎಲ್ಲದರಲ್ಲೂ ಹಂದಿಮಾಂಸ ಬೆಂದಿದೆ. ಚಪ್ಪಲಿ ಮೆಟ್ಟಿಕೊಂಡು ಕೆಳಗಿನ ಅಂಗಡಿಗೆ ಓಡಿ ಒಂದು ಹೊಸ ಪಾತ್ರೆ, ಹೊಸ ತಟ್ಟೆ, ಹೊಸ ಸೌಟು ತಂದಳು. ಮೊಟ್ಟೆ ಬೇಯಿಸಿದಳು. ಮಸೂರ್ ಬೇಳೆ ಬೇಯಲು ಇಟ್ಟಳು. ಹಾಲ್‌ನ ಕನ್ನಡಿಗೆ, ಬಚ್ಚಲಿನ ಕನ್ನಡಿಗೆ, ಶೋಕೇಸಿನ ಹಿಂಬದಿಯ ಕನ್ನಡಿಗೂ ಬೆಡ್‌ಶೀಟ್ ಮುಚ್ಚಿದಳು.

ನಾರ್ಬರ್ಟ್ ಗಾಡಿಯ ಚಕ್ರದಷ್ಟು ದೊಡ್ಡ ಹೂವಿನ ಚಕ್ರ ಹೊತ್ತು ಬಾಗಿಲಿಗೆ ಬಂದ.

"ಒಳಗೆ ತರ್ಬೇಡಿ," ಎಂದಳು ಫೆಲ್ಸಿ.

"ನೀನೇ ಅಲ್ವಾ ಹೇಳಿದ್ದು?"

"ಹೇಳಿದ್ದು ತಪ್ಪು. ಇಗರ್ಜಿಗೆ ಕೊಂಡ್ಹೋಗಿ ಮಾತೆಯ ಮುಂದೆ ಇಟ್ಟು ಬನ್ನಿ."

ಮದುವೆಯಾದ ಇಷ್ಟು ವರ್ಷಗಳಲ್ಲಿ ಹೆಂಡತಿಯ ಬಾಯಿಂದ 'ನನ್ನದು ತಪ್ಪು' ಎಂಬ ಅರ್ಥದ ಮಾತು ಕೇಳಿದ್ದು ಅದೇ ಮೊದಲು. ನಾರ್ಬರ್ಟ್ ತಿರುಗಿ ಮಾತಾಡದೆ ಹೂವು ಹೊತ್ತು ಮೆಟ್ಟಿಲಿಳಿದ.

ಆ ಹೂವನ್ನು ನೋಡಿಯೇ ಇರಬೇಕು, ಬಿಂದು ಬಂದಳು. "ಯಾರ್ರೀ ಹೋಗಿದ್ದು? ಏನಾಯ್ತು? ಅವ್ರಲ್ಲಿ ಹೇಗೆ ಮಾಡ್ತಾರೆ, ನಾವು ಏನಾದ್ರೂ..." ಕಣ್ಣು ಒಳಗೆ, ಬೆಡ್‌ಶೀಟ್ ಹೊದ್ದ ಕನ್ನಡಿಯ ಮೇಲೆ ಬಿತ್ತು.

ಫೆಲ್ಸಿಗೆ ಎಲ್ಲವೂ ಗೊತ್ತಿತ್ತು. ಕನ್ನಡಿ ಯಾಕೆ, ಮೊಟ್ಟೆ ಯಾಕೆ, ಬಟ್ಟೆ ಹರಿಯುವುದು ಯಾಕೆ, ಒಂದು ಗಂಟೆ ಹೇಳುವಷ್ಟು ಗೊತ್ತಿತ್ತು.

"ನಮ್ಮ ಫ್ಲೋರಾಳ ಅಪ್ಪ," ಎಂದಳು. "ಉಳಿದದ್ದು ಅವಳೇ ಹೇಳಿದ್ರೆ ಹೇಳಿಯಾಳು." ಬಿಂದು ತಲೆಯಾಡಿಸಿ ಹೋದಳು. ಫೆಲ್ಸಿ ಬಾಗಿಲು ಹಾಕಿ ಬಾಗಿಲಿಗೇ ಒರಗಿ ಒಂದು ನಿಟ್ಟುಸಿರು ಬಿಟ್ಟಳು.

ಮಧ್ಯಾಹ್ನ ಕಳೆದ ಮೇಲೆ ಹೊಸ ತಟ್ಟೆಯಲ್ಲಿ ಮೊಟ್ಟೆ, ಬೇಳೆ ಇಟ್ಟುಕೊಂಡು ಫ್ಲೋರಾಳ ಕೋಣೆಯ ಬಾಗಿಲನ್ನು ತಟ್ಟದೆ ತಳ್ಳಿದಳು. ಫ್ಲೋರಾ ಬರಿನೆಲದ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ರವಿಕೆಯ ಎಡಗಡೆ ಎದೆಯ ಹತ್ತಿರ ಹರಿದಿತ್ತು. ಎಣ್ಣೆಯ ದೀಪ ಒಂದೇ ಉರಿಯುತ್ತಿತ್ತು. ಫೆಲ್ಸಿ ತಟ್ಟೆಯನ್ನು ಅವಳ ಪಕ್ಕದಲ್ಲಿ ಇಟ್ಟು, ಮಂಡಿನೋವಿನ ಕಾಲು ಮಡಚಿ ತಾನೂ ಕೆಳಗೆ ಕೂತಳು.

ಫ್ಲೋರಾ ತಟ್ಟೆ ನೋಡಿದಳು. ತಟ್ಟೆಯ ಅಂಚಿನಲ್ಲಿ ಅಂಗಡಿಯ ಸ್ಟಿಕ್ಕರ್ ಅರ್ಧ ಕಿತ್ತು ಬರದೆ ಉಳಿದಿತ್ತು. ಅವಳು ಅದನ್ನು ಬೆರಳಿನಿಂದ ಸವರುತ್ತ ಕೂತಳು.

ಹೊರಗೆ ಯಾರೋ ಹಾರನ್ ಹೊಡೆದರು. ಎ.ಸಿ. ಗೊರಗುಟ್ಟಿತು. ಫೆಲ್ಸಿಯ ಬಾಯಲ್ಲಿ ಕ್ಷಮಿಸು ಎಂಬುದು ಇತ್ತು, ಅಳು ಮಾರಾಯ್ತಿ, ಹೊಟ್ಟೆಯಲ್ಲಿ ಇಟ್ಟುಕೊಳ್ಳಬೇಡ ಎಂಬುದು ಇತ್ತು, ಊಟ ಮಾಡು ಎಂಬುದಂತೂ ಹಲ್ಲಿನ ಹಿಂದೆಯೇ ಇತ್ತು. ಎಲ್ಲವನ್ನೂ ನುಂಗಿದಳು. ಅವಳಿಗೆ ನಿಜಕ್ಕೂ ಪ್ರಾಣ ಹೋದ ಹಾಗಾಗುತ್ತಿತ್ತು. ಕಾಲು ಜೋಮು ಹಿಡಿಯಿತು. ಕಿಟಕಿಯ ಬಿಸಿಲು ನೆಲದಿಂದ ಮಂಚಕ್ಕೆ, ಮಂಚದಿಂದ ಗೋಡೆಗೆ ಹತ್ತಿತು. ಫ್ಲೋರಾ ಒಂದು ಮೊಟ್ಟೆಯನ್ನು ಮುರಿದು ನಿಧಾನವಾಗಿ ತಿಂದಳು. ಫೆಲ್ಸಿ ಹಾಗೆಯೇ ಕೂತಿದ್ದಳು.

"ಬಾಯಿ," ಎಂದಳು ಫ್ಲೋರಾ ಕೊನೆಗೆ. ದನಿ ಒಡೆದಿತ್ತು. "ಇವತ್ತು ಏನೂ ಕೇಳುವುದಿಲ್ವಾ?"

ಫೆಲ್ಸಿ ಬಾಯಿ ತೆರೆದಳು. ದೀಪ ಒಂದೇ ಯಾಕೆ, ಹರಿದ ರವಿಕೆಯನ್ನು ಮತ್ತೆ ಹೊಲಿಯಬಹುದಾ, ಏಳು ದಿನ ಸ್ನಾನ ಉಂಟಾ ಎಂದು ರೂಢಿಯ ಪ್ರಶ್ನೆಗಳೆಲ್ಲ ನಾಲಿಗೆಯ ತುದಿಗೆ ಬಂದವು, ಬಂದ ಹಾಗೇ ಹೋದವು. ಎರಡು ವರ್ಷ ಈ ಹುಡುಗಿಯನ್ನು ಟೋಪಿಯ ಬಗ್ಗೆ ಕೇಳಿದ್ದಳು, ಮೀನಿನ ಪೊರೆಯ ಬಗ್ಗೆ ಕೇಳಿದ್ದಳು, ಬಾಗಿಲ ಡಬ್ಬಿಯ ಬಗ್ಗೆ ಕೇಳಿದ್ದಳು. ಮೆಟ್ಟಿಲಲ್ಲಿ ಸಿಕ್ಕವರ ಅತ್ತೆಯ ಆರೋಗ್ಯ ಕೇಳುವ ತಾನು, ಮನೆಯಲ್ಲೇ ಇದ್ದವಳ ಹತ್ತಿರ ಇದೊಂದನ್ನು ಕೇಳಿರಲಿಲ್ಲ. ಫೆಲ್ಸಿಗೆ ನಾಚಿಕೆಯಿಂದ ಕಣ್ಣು ತುಂಬಿತು.

"ನಿನ್ನ ಅಪ್ಪನ ಹೆಸರೆಂತದು, ಫ್ಲೋರಾ?"

ಬೆಳಗಿನಿಂದ ಅಳದಿದ್ದವಳು ಅತ್ತಳು. ತಲೆಯನ್ನು ಫೆಲ್ಸಿಯ ಹೆಗಲಿಗಿಟ್ಟು ಹೊಟ್ಟೆಯಿಂದ ಅತ್ತಳು. ಫೆಲ್ಸಿ ಬೆನ್ನು ಸವರುತ್ತ ಕೂತಳು.

"ಎಜೆಕಿಯಲ್," ಎಂದಳು ಫ್ಲೋರಾ ಮೂಗು ಒರೆಸಿಕೊಂಡು. "ನವಗಾಂವಿನಲ್ಲಿ ಹಸಾಜಿ ಅಂತಿದ್ದರು. ರೈಲ್ವೆಯಲ್ಲಿ ಗಾರ್ಡ್. ಶನಿವಾರದ ಡ್ಯೂಟಿ ತಪ್ಪಿಸಲಿಕ್ಕೆ ಉಳಿದವರ ದೀಪಾವಳಿ ಡ್ಯೂಟಿ ಎಲ್ಲ ತಾನೇ ಮಾಡ್ತಿದ್ದರು. ನಾನು ಶುಕ್ರವಾರ ಕೆಲಸಕ್ಕೆ ಹೋಗುದು ಅವರಿಂದ ಕಲಿತದ್ದೇ." ತಟ್ಟೆಯ ಸ್ಟಿಕ್ಕರನ್ನು ಮತ್ತೆ ಸವರುತ್ತ ಅಂದಳು, "ಸತ್ವಾಕ್ಕೆ ಹೋದ್ರೆ ಇದನ್ನೆಲ್ಲ ಮತ್ತೆ ಮೊದಲಿಂದ ಯಾರಿಗೆ ಹೇಳುದು ಬಾಯಿ?"

ಫೆಲ್ಸಿ ಬೇಳೆಯ ತಟ್ಟೆಯನ್ನು ಅವಳ ಹತ್ತಿರಕ್ಕೆ ಸರಿಸಿದಳು.

ಇಗರ್ಜಿಗೆ ಹೂವು ಕೊಟ್ಟು, ಅಲ್ಲಿಂದಲೇ ಡ್ಯೂಟಿಗೆ ಹೋಗಿ, ಕತ್ತಲಾಗುವ ಹೊತ್ತಿಗೆ ನಾರ್ಬರ್ಟ್ ಮನೆಗೆ ಬಂದ. ಅಡುಗೆಮನೆಯಲ್ಲಿ ದೀಪವಿಲ್ಲ, ಕನ್ನಡಿಗಳೆಲ್ಲ ಮುಚ್ಚಿವೆ. ಫ್ಲೋರಾಳ ಕೋಣೆಯ ಬಾಗಿಲು ತೆರೆದಿತ್ತು. ಒಳಗಿಂದ ಒಬ್ಬ ಹೆಂಗಸಿನ ದನಿ ಬಿಡದೆ, ನಡುನಡುವೆ ಸಣ್ಣಗೆ ನಗುತ್ತ, ಯಾವುದೋ ರೈಲು ಮಳೆಯಲ್ಲಿ ನಿಂತುಹೋದ ಕಥೆ ಹೇಳುತ್ತಿತ್ತು. ನಾರ್ಬರ್ಟ್ ಷೂ ಬಿಚ್ಚುತ್ತಿದ್ದವನು ಹಾಗೆಯೇ ನಿಂತು ಕಿವಿಗೊಟ್ಟ. ಎಷ್ಟು ಹೊತ್ತು ಕೇಳಿದರೂ ಆ ದನಿ ಅವನ ಹೆಂಡತಿಯದಾಗಿರಲಿಲ್ಲ.